ಓದಿ ಹರಿದ ಹಾಳೆಗಳು

ಆ ಬೀದಿಯಲ್ಲಿ ಜಿಪ್ಪಕ್ಕನನ್ನು ಅರಿಯದವರಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳ ಅಕ್ಕ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ಬಡಿಯುವಂಥ ಗೂಡಿನಲ್ಲಿ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವ ದೊಡ್ಡಸ್ತಿಕೆ ಅಲ್ಲಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ಬಿಗಿ ಇದ್ದದ್ದನ್ನು ಸಡಿಲ ಮಾಡುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೈಕೊಟ್ಟ ಜಿಪ್ಪು ಬದಲಾಯಿಸುವುದು. "ಜಿಪ್ಪು ಹೋಯ್ತು ಅಂತ ಜಾಕೆಟ್ಟನ್ನೇ ಎಸೀತಾರಲ್ಲ, ಇವ್ರೆಲ್ಲ ಹಲ್ಲು ಬಿತ್ತು ಅಂತ ಗಂಡನ್ನೂ ಎಸೀತಾರಾ?" ಎಂದು ಗಿರಾಕಿಗಳ ಮುಂದೆ ಸೂಜಿ ಕಚ್ಚಿಕೊಂಡೇ ನಗುವಳು. ಅವಳಿಗೆ ಗಂಡನಿರಲಿಲ್ಲ. ಮದುವೆಯ ಮಾತು ಬರುವ ವಯಸ್ಸಿನಲ್ಲಿ ಅವಳ ಕೈ ತುಂಬ ಬೇರೆ ಕೆಲಸವಿತ್ತು. ಅದೇನೆಂದು ಆಮೇಲೆ ಹೇಳುತ್ತೇನೆ.

ಇಂಥ ಜಿಪ್ಪಕ್ಕನಿಗೆ ಕಥೆ ಬರೆಯುವ ಹುಚ್ಚು. ಮಿಷನ್ನಿನ ಮೇಲೆ ಕೂತು ಕೂತು ಗಿರಾಕಿಗಳ ಮಾತು ಕೇಳಿ ಕೇಳಿ ಹತ್ತಿದ ಹುಚ್ಚು ಅದು. ಒಂದು ವಾರಪತ್ರಿಕೆಯಲ್ಲಿ ಅವಳ ಕೆಲವು ಕಥೆಗಳು ಬಂದಿದ್ದವು. ಆ ಪುಟಗಳನ್ನು ಕತ್ತರಿಸಿ ದಾರದ ಉಂಡೆಗಳ ಹಿಂದಿನ ಗೋಡೆಗೆ ಅಂಟಿಸಿದ್ದಳು. ಆಮೇಲೊಂದು ಕಥೆ ವಾಪಸು ಬಂತು. "ನಿಮ್ಮ ಕಥೆಗಳಲ್ಲಿ ಏನೂ ಆಗುವುದೇ ಇಲ್ಲವಲ್ಲ" ಎಂದು ಸಂಪಾದಕ ಮಹಾಶಯ ಒಂದು ಸಾಲು ಗೀಚಿದ್ದ. ಅಷ್ಟೇ ಸಾಕಾಯಿತು. ಜಿಪ್ಪಕ್ಕ ಆ ಪತ್ರಿಕೆಯ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದಳು, ಮಾತ್ರವಲ್ಲ, ಬರೆಯಲು ಕೂತರೆ ಅವಳ ಕೈಯೇ ಓಡದಾಯಿತು. 'ಅವಳು ಬಾಗಿಲು ತೆರೆದಳು' ಎಂದು ಬರೆದರೆ ಆ ಹೆಂಗಸು ಹೊಸ್ತಿಲಲ್ಲೇ ನಿಂತುಬಿಡುವಳು. ಒಳಗೂ ಬರಳು, ಹೊರಗೂ ಹೋಗಳು. ಜಿಪ್ಪಕ್ಕ ಗಲ್ಲಕ್ಕೆ ಕೈ ಕೊಟ್ಟು ಅವಳನ್ನೇ ನೋಡುತ್ತ ಕೂರುವಳು. ಹೀಗೆ ವರ್ಷವೇ ಕಳೆಯಿತು. ನಗುವುದೂ ಕಮ್ಮಿಯಾಯಿತು.

ಆಗ ಬಂದವರು ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾಗಿದ್ದ ಅವರು ಒಂದು ಕಾಲದಲ್ಲಿ ಕಾದಂಬರಿ ಬರೆದವರು. ಒಂದೇ ಒಂದು, ಆದರೂ ಊರು ಮರೆತಿರಲಿಲ್ಲ. ಕೋಟಿನ ಲೈನಿಂಗ್ ಕಿತ್ತುಹೋಗಿದೆ ಎಂದು ಬಂದವರು ಗೋಡೆಯ ಮೇಲಿನ ಪುಟಗಳನ್ನು ಕನ್ನಡಕ ಏರಿಸಿಕೊಂಡು ಓದಿದರು.

"ಇದು ನೀನು ಬರ್ದಿದ್ದೇನಮ್ಮಾ?"

"ಹೂಂ ಟೀಚರ್. ಈಗ ಬರಲ್ಲ. ಎಲ್ಲ ಒಣಗಿಹೋಗಿದೆ."

"ಯಾರಿಗೂ ಒಣಗಲ್ಲ. ಬೂಚು ಸಿಕ್ಕಾಕ್ಕೊಂಡಿರುತ್ತೆ, ಅಷ್ಟೇ. ಭಾನುವಾರ ಮಧ್ಯಾಹ್ನ ಮನೆಗೆ ಬಾ, ತೆಗೆಯೋಣ."

ಅಷ್ಟು ದೊಡ್ಡವರು, ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತು, ಮನೆಗೆ ಬಾ ಅನ್ನುವುದೆಂದರೇನು! ಜಿಪ್ಪಕ್ಕ ಭಾನುವಾರದವರೆಗೆ ನೆಲದ ಮೇಲೆ ನಡೆಯಲಿಲ್ಲ.

ಟೀಚರ್ ಮನೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಮೇಜಿನ ಮೇಲೆ ಅಡುಗೆಮನೆಯ ಅಲಾರಂ, ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಡಬ್ಬಿಯ ತುಂಬ ಮಡಿಚಿದ ಚೀಟಿಗಳು. ಟೀಚರ್ ಡಬ್ಬಿ ಕುಲುಕುವರು, ಜಿಪ್ಪಕ್ಕ ಕಣ್ಣು ಮುಚ್ಚಿ ಒಂದು ಎತ್ತಬೇಕು. ಅದರಲ್ಲಿ ಏನಿರುತ್ತದೋ ಅದರ ಮೇಲೆ ಇಬ್ಬರೂ ಬರೆಯಬೇಕು. ಅಲಾರಂ ಹೊಡೆಯುವವರೆಗೆ ಪೆನ್ನು ಎತ್ತಬಾರದು. ಆಮೇಲೆ ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ಹಾಳೆಯನ್ನು ಚೂರು ಚೂರು ಹರಿದು ಬುಟ್ಟಿಗೆ ಹಾಕಬೇಕು.

"ಇಲ್ಲಿ ಓದಿದ್ದು ಇಲ್ಲೇ ಹರೀಬೇಕು," ಎಂದರು ಟೀಚರ್. "ಉಳಿಯುತ್ತೆ ಅಂತ ಗೊತ್ತಾದ್ರೆ ಕೈ ಹೆದರುತ್ತೆ. ಉಳಿಯಲ್ಲ ಅಂತ ಗೊತ್ತಾದ್ರೆ ಎಂಥದ್ದನ್ನೂ ಬರೆಯುತ್ತೆ."

ಮೊದಲ ಚೀಟಿಯಲ್ಲಿ 'ಮುರಿದ ಛತ್ರಿ' ಎಂದಿತ್ತು. "ಛತ್ರಿ ಬಗ್ಗೆ ಏನು ಬರೀಲಿ ಟೀಚರ್? ನನ್ ತಲೆ!" ಎಂದಳು ಜಿಪ್ಪಕ್ಕ. "ನನ್ ತಲೆ ಅಂತಲೇ ಬರಿ, ಪೆನ್ನು ಮಾತ್ರ ನಿಲ್ಲಿಸ್ಬೇಡ" ಎಂದರು ಟೀಚರ್. ಹಾಗೇ ಬರೆದಳು. ನನ್ನ ತಲೆ, ನನ್ನ ಬುರುಡೆ, ಛತ್ರಿಯಂತೆ ಛತ್ರಿ ಎಂದು ಗೀಚುತ್ತ ಹೋದವಳಿಗೆ, ಎಲ್ಲಿದ್ದಳೋ ಏನೋ, ಛತ್ರಿ ರಿಪೇರಿಗೆ ತಂದು ಬಿಟ್ಟು ಮತ್ತೆ ಬಾರದೇ ಹೋದ ಗಿರಾಕಿಯೊಬ್ಬಳು ಧುತ್ತನೆ ಎದುರು ನಿಂತಳು. ಅಲಾರಂ ಹೊಡೆದಾಗ ಹಾಳೆ ತುಂಬಿತ್ತು. ಜಿಪ್ಪಕ್ಕ ಅದನ್ನು ಓದಿದಳು, ಹರಿದಳು, ಮನೆಗೆ ಹೋಗಿ ಬೇರೊಂದು ಕಥೆಯನ್ನು ಶುರುಮಾಡಿದಳು. ಹೊಸ್ತಿಲ ಹೆಂಗಸು ಕೊನೆಗೂ ಒಳಗೆ ಬಂದಳು.

ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ ನೋಡಿ. ಕಥೆ ಬರೀ ಎಂದರೆ ಮನಸ್ಸು ಬಾಗಿಲಿಗೆ ಕಾವಲು ನಿಲ್ಲುತ್ತದೆ. ಛತ್ರಿ ಬಗ್ಗೆ ಬರೀ ಎಂದರೆ, ಛತ್ರಿ ತಾನೇ ಎಂದು ಎದ್ದು ಹೋಗುತ್ತದೆ. ಆ ಹೊತ್ತಿಗೆ ಒಳಗಿದ್ದದ್ದು ಹೊರಗೆ ಬರುತ್ತದೆ. ಏನು ಬರುತ್ತದೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ.

ಕೆಲವು ವಾರಗಳಾದ ಮೇಲೆ ಒಂದು ಚೀಟಿ ಬಂತು: 'ಬೇರೊಬ್ಬರ ಬಟ್ಟೆ ಹಾಕಿಕೊಂಡ ದಿನ.' ಬಟ್ಟೆಯ ಕೆಲಸದವಳಿಗೆ ಇದೇನು ಮಹಾ ಎಂದು ಶುರುಮಾಡಿದಳು ಜಿಪ್ಪಕ್ಕ. ಪೆನ್ನು ಹೋದದ್ದು ನೇರ ಅಕ್ಕನ ಹಸಿರು ಸ್ವೆಟರಿಗೆ.

ಆ ಕಥೆ ಇಷ್ಟು. ಅಕ್ಕನ ಮಗಳು ಇನ್ನೂ ತೊದಲು ಮಾತಾಡುವ ಕೂಸಾಗಿದ್ದಾಗ ಅಕ್ಕ ಒಂದು ಬೆಳಿಗ್ಗೆ ಮನೆಬಿಟ್ಟು ಹೋದಳು. ಯಾಕೆ, ಎಲ್ಲಿಗೆ, ಯಾರಿಗೂ ಹೇಳಲಿಲ್ಲ. ಭಾವ ಬಾಯಿ ಬಿಡಲಿಲ್ಲ. ಅಕ್ಕನಿಗೆ ಕಾಯಿಲೆ, ದೂರದ ಆಸ್ಪತ್ರೆಯಲ್ಲಿದ್ದಾಳೆ ಎಂದು ಊರಿಗೆಲ್ಲ ಹೇಳಿದ್ದಾಯಿತು, ಕೂಸಿಗೂ ಅದನ್ನೇ ಹೇಳಿದ್ದಾಯಿತು. ಕೂಸನ್ನು ನೋಡಿಕೊಳ್ಳಲು ಬಂದವಳು ತಂಗಿ, ಅಂದರೆ ನಮ್ಮ ಜಿಪ್ಪಕ್ಕ. ಕೂಸು ಸಂಜೆಯಾದರೆ ಅಮ್ಮಾ ಎಂದು ಹೊರಳಾಡಿ ಅಳುವುದು. ತಂಗಿಗೆ ಏನು ತೋಚಿತೋ, ಅಕ್ಕ ಬಿಟ್ಟುಹೋದ ಹಸಿರು ಸ್ವೆಟರನ್ನು ಒಳಮೈ ಹೊರಗಾಗಿ ಹಾಕಿಕೊಂಡು ಕೂಸನ್ನು ಎತ್ತಿಕೊಂಡಳು. ಅಕ್ಕನ ಮೈಗೆ ತಾಗಿದ್ದ ಮಗ್ಗುಲು ಕೂಸಿನ ಮೂಗಿಗೆ ಸಿಕ್ಕಿತು. ಕೂಸು ಮೂಗು ಉಜ್ಜಿ ಮಲಗಿತು. ಅಕ್ಕ ಬರುವವರೆಗೂ ಅವಳು ಆ ಸ್ವೆಟರನ್ನು ಒಗೆಯಲಿಲ್ಲ. ವರ್ಷ ತುಂಬುವ ಮುಂಚೆ, ಹೋದ ಹಾಗೆಯೇ, ಅಕ್ಕ ಒಂದು ದಿನ ಬಂದು ಒಲೆಯ ಮುಂದೆ ನಿಂತಳು. "ಯಾರಿಗೂ ಹೇಳ್ಬೇಡ" ಎಂದಳು. ತಂಗಿ ಯಾರಿಗೂ ಹೇಳಲಿಲ್ಲ. ಯಾಕೆ ಹೋದೆ, ಯಾಕೆ ಬಂದೆ ಎಂದು ಕೇಳಲೂ ಇಲ್ಲ. ಕೇಳಿದರೆ ಎಲ್ಲಿ ಮತ್ತೆ ಹೊರಟುಹೋಗುತ್ತಾಳೋ ಎಂಬ ಹೆದರಿಕೆ.

ಓದಿ ಮುಗಿಸಿದರೂ ಜಿಪ್ಪಕ್ಕ ಹಾಳೆ ಕೈಬಿಡಲಿಲ್ಲ. ಟೀಚರ್ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟು, "ಹರಿದ್ಬಿಡಮ್ಮ, ಹಗುರಾಗುತ್ತೆ" ಎಂದರು. ಹರಿದಳು. ನಿಜಕ್ಕೂ ಹಗುರಾಯಿತು. ಹಾಳೆಯನ್ನೇನೋ ಹರಿದಳು, ಎದುರು ಕೂತವರ ಕಿವಿಯನ್ನು ಹರಿಯುವುದು ಹೇಗೆ? ಆ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ದೊಡ್ಡವರ ಮೇಲೆ ಅನುಮಾನ ಪಡುವ ಅಭ್ಯಾಸ ಅವಳಿಗಿರಲಿಲ್ಲ, ಪಾಪ.

ಅಲ್ಲಿಂದ ಮುಂದೆ ಅವಳ ಕೈಗೆ ಬಂದ ಚೀಟಿಗಳೋ, ಒಂದಕ್ಕಿಂತ ಒಂದು! 'ಮಗುವಿಗೆ ಹೇಳಿದ ಸುಳ್ಳು.' ಮುಂದಿನ ವಾರ 'ಹೆಂಡತಿ ಇಲ್ಲದ ಮನೆಯಲ್ಲಿ ಗಂಡನ ಊಟ.' ಅದರ ಮುಂದಿನ ವಾರ 'ಅವಳು ಹಿಂತಿರುಗಿದ ಬೆಳಿಗ್ಗೆ.' ಹಿಂದಿನ ವಾರ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಂದಲೇ ಹಿಡಿಯುವ ಚೀಟಿ. "ನನ್ ಕೈಗುಣ ನೋಡಿ ಟೀಚರ್!" ಎಂದು ಜಿಪ್ಪಕ್ಕ ಹಿಗ್ಗುವಳು. "ಹೌದೌದು, ನಿನ್ ಕೈಗುಣಾನೇ" ಎಂದು ಟೀಚರ್ ನಗುವರು. ಟೀಚರ್ ಬರೆದದ್ದು ಮಾತ್ರ ಯಾವಾಗಲೂ ಸಪ್ಪೆ. ಹೂಕುಂಡ, ಬೆಕ್ಕು, ಬಸ್ ನಿಲ್ದಾಣ. ದೊಡ್ಡವರಾದರೂ ನನ್ನ ಮುಂದೆ ಮೆರೆಯಲಿಲ್ಲವಲ್ಲ ಎಂದು ಜಿಪ್ಪಕ್ಕ ಅದಕ್ಕೂ ಕರಗಿ, ಅವರ ಕೋಟಿಗೆ ರೇಷ್ಮೆಯಂಥ ಹೊಸ ಲೈನಿಂಗ್ ಹಾಕಿಕೊಟ್ಟಳು.

ಒಂದು ಗುರುವಾರ ಬೆಳಿಗ್ಗೆ, ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಾಗ, ಮೆಟ್ಟಿಲ ಬಳಿ ಯಾರೋ ಅವಳ ಹೆಸರು ಹಿಡಿದು ಕರೆದರು. ಹೆತ್ತವರು ಇಟ್ಟ ಹೆಸರು. ಜಿಪ್ಪಕ್ಕ ಪ್ಯಾಂಟು ಕೆಳಗಿಟ್ಟಳು.

ಅಕ್ಕ ಒಳಗೆ ಬರಲಿಲ್ಲ. ಜಿಪ್ಪಕ್ಕ ಶಪಥ ಮಾಡಿ ಬಿಟ್ಟಿದ್ದ ಅದೇ ವಾರಪತ್ರಿಕೆಯ ಹಿಂದಿನ ಸಂಚಿಕೆಯೊಂದನ್ನು ಮಿಷನ್ನಿನ ಮೇಲೆ ಎಸೆದಳು. "ಓದು."

ಟೀಚರ್ ಹೆಸರು ದಪ್ಪಕ್ಷರದಲ್ಲಿತ್ತು. ಬಹಳ ವರ್ಷಗಳ ಮೌನ ಮುರಿದು ಬರೆಯುತ್ತಿರುವ ಹೊಸ ಧಾರಾವಾಹಿ ಎಂದು ಮೇಲೆ ಹೊಗಳಿಕೆ. ಕೆಳಗೆ, ಹಸಿರು ಸ್ವೆಟರನ್ನು ಒಳಮೈ ಹೊರಗಾಗಿ ಹಾಕಿಕೊಂಡ ಚಿಕ್ಕಮ್ಮ, ಅವಳ ಎದೆಗೆ ಮೂಗು ಉಜ್ಜುವ ಕೂಸು. ಮೈಗೆ ತಾಗಿದ್ದ ಮಗ್ಗುಲು ಎಂಬ ಮಾತು ಸಹ ಅವಳದೇ.

"ಅಕ್ಕಾ, ನಾನು..."

"ನಿಂಗೆ, ನಂಗೆ ಬಿಟ್ರೆ ಇದು ಯಾರಿಗೆ ಗೊತ್ತಿತ್ತೇ? ನಿಮ್ ಭಾವ ಸತ್ತ್ರು. ಸಾಯೋವರ್ಗೂ ಅವ್ರು ಒಂದು ಮಾತು ಆಡ್ಲಿಲ್ಲ. ನೀನು ಊರಿಗೆಲ್ಲ ಹಂಚಿದ್ಯಲ್ಲ!"

"ನಾನು ಹಂಚ್ಲಿಲ್ಲ ಅಕ್ಕಾ. ಬರೆದೆ, ಓದ್ದೆ, ಹರಿದ್ಹಾಕ್ದೆ. ಅದು ಅಲ್ಲಿಯ ನಿಯಮ."

ಅಕ್ಕ ನಕ್ಕಳು. ಅಂಥ ನಗು ಯಾರ ಮುಖದ ಮೇಲೂ ಬರಬಾರದು. "ನಿಯಮ ಅಂತೆ. ನನ್ ಮಗಳು ಕ್ಲಿನಿಕ್ಕಲ್ಲಿ ಕೂತು ಇದನ್ನ ವಾರಾವಾರ ಓದ್ತಿದಾಳೆ. ಹಸಿರು ಸ್ವೆಟರ್ ಅವ್ಳಿಗೆ ನೆನಪಿದೆಯಂತೆ. ನಿನ್ನೆ ಬಂದು ಕೇಳಿದ್ಲು, ಅಮ್ಮಾ, ನೀನು ಇದ್ದಿದ್ದು ಯಾವ ಆಸ್ಪತ್ರೆ ಅಂತ. ಹೆಸರು ಹೇಳು ಅಂದ್ಲು. ನಾನು ಏನು ಹೇಳ್ಲಿ?"

ಅಕ್ಕನ ಮಗಳು ಈಗ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆದುಕೊಡುವ ಕೆಲಸದಲ್ಲಿದ್ದಳು. ಅವಳಿಗೂ ಒಂದು ಮಗುವಿತ್ತು. ದಿನಾ ಬೆಳಿಗ್ಗೆ ಅದನ್ನು ಅಜ್ಜಿಯ ಮಡಿಲಿಗೆ ಹಾಕಿ ಕೆಲಸಕ್ಕೆ ಹೋಗುವಳು. ಭಾವ ಹೋದ ಮೇಲೆ ಅಕ್ಕ ಉಸಿರಾಡುತ್ತಿದ್ದದ್ದೇ ಆ ಮೊಮ್ಮಗುವಿನಿಂದ. ಅದು ಎದ್ದರೆ ಅವಳಿಗೆ ಬೆಳಗು, ಅದು ಮಲಗಿದರೆ ಅವಳಿಗೆ ಸಂಜೆ. ಈಗ ಅದಕ್ಕೇ ಕಲ್ಲು ಬಿದ್ದಿತ್ತು.

ಅಕ್ಕ ಹೋದ ಮೇಲೆ ಜಿಪ್ಪಕ್ಕ ಅಂಗಡಿಗೆ ಬೀಗವನ್ನೂ ಹಾಕದೆ, ಕೊರಳಿಗೆ ತೂಗುಬಿದ್ದ ಅಳತೆ ಟೇಪಿನ ಸಮೇತ ಟೀಚರ್ ಮನೆಗೆ ಓಡಿದಳು. ದಾರಿಯುದ್ದಕ್ಕೂ ಒಂದೇ ಹಾರೈಕೆ: ಇದು ಹೇಗೋ ತಪ್ಪಾಗಿರಲಿ, ಟೀಚರ್ ಏನಾದರೂ ಹೇಳಿ ಸಮಾಧಾನ ಮಾಡಲಿ. ನೋಡಿ, ಅಷ್ಟಾದ ಮೇಲೂ ಅವಳಿಗೆ ಬೇಕಿದ್ದದ್ದು ಟೀಚರ್ ಬಾಯಿಂದ ಒಂದು ಒಳ್ಳೆ ಮಾತು!

ಟೀಚರ್ ಕಿಟಕಿಯ ಪಕ್ಕ ಬರೆಯುತ್ತಿದ್ದರು. ಅವಳ ಕೈಯಲ್ಲಿದ್ದ ಪತ್ರಿಕೆ ನೋಡಿ ಪೆನ್ನು ಕೆಳಗಿಟ್ಟರು. "ನೀನು ಇದನ್ನ ಓದಲ್ಲ ಅಂದಿದ್ದೆ" ಎಂದರು.

"ಅದಕ್ಕೇನಾ ಇದ್ರಲ್ಲೇ ಕೊಟ್ಟಿದ್ದು?"

ಟೀಚರ್ ಡಬ್ಬಿಯನ್ನು ತಮ್ಮ ಕಡೆಗೆ ಸರಿಸಿಕೊಂಡರು. ಜಿಪ್ಪಕ್ಕನ ಕಣ್ಣು ಮೇಜಿನ ಮೇಲಿದ್ದ ಡಬ್ಬಿಯ ಮೇಲೆ ಬಿತ್ತು. ಏನನ್ನಿಸಿತೋ, ಅದನ್ನು ಎತ್ತಿ ಬೋರಲು ಹಾಕಿದಳು. ಒಂದು ಚೀಟಿ ಬಿಡಿಸಿದಳು: 'ಹೋದವಳು ಯಾಕೆ ಹಿಂತಿರುಗಿದಳು?' ಇನ್ನೊಂದು ಬಿಡಿಸಿದಳು. ಅದೇ. ಮತ್ತೊಂದು. ಅದೇ. ಡಬ್ಬಿಯ ತುಂಬ ಒಂದೇ ಚೀಟಿ, ಒಂದೇ ಕೈಬರಹ, ಬರುವ ಭಾನುವಾರಕ್ಕೆ ತಯಾರು. ಕೈಗುಣ ಎಂದು ಹಿಗ್ಗಿದ್ದಳಲ್ಲ, ಆ ಕೈಯನ್ನೇ ಎಲ್ಲಾದರೂ ಇಟ್ಟು ಬರಬೇಕೆನ್ನಿಸಿತು.

"ನನ್ನ ಮಂಗ ಮಾಡಿದ್ರಾ ಟೀಚರ್?"

"ಯಾಕಮ್ಮಾ ಹಾಗಂತೀಯ? ನಿನ್ ಪೆನ್ನು ಓಡ್ತು ತಾನೆ?" ಟೀಚರ್ ದನಿ ತರಗತಿಯಲ್ಲಿ ಪಾಠ ಹೇಳುವ ಹಾಗೇ ಇತ್ತು. "ನಂದೂ ನಿಂತುಹೋಗಿತ್ತು. ನಿನಗಾದ್ರೆ ಒಂದು ವರ್ಷ, ನನಗೆ ಅರ್ಧ ಆಯಸ್ಸು. ಆ ಸ್ವೆಟರ್ ಕೇಳಿದ ದಿನ ನಾನು ಊಟ ಕೂಡ ಮಾಡದೆ ಬರೆದೆ. ಹೆಸರು ಬದಲಾಯಿಸಿದೀನಿ, ಊರು ಬದಲಾಯಿಸಿದೀನಿ. ಯಾರಿಗೆ ಗೊತ್ತಾಗುತ್ತೆ?"

"ನನ್ ಅಕ್ಕನ ಮಗಳಿಗೆ ಗೊತ್ತಾಯ್ತು! ನಿಲ್ಸಿ ಇದನ್ನ. ನಿಮ್ ಕಾಲಿಗೆ ಬೀಳ್ತೀನಿ."

"ಈಗ ಹೇಗೆ ನಿಲ್ಸೋದು? ಕೊನೆ ಕಂತು ಬಾಕಿ." ಟೀಚರ್ ಸ್ವಲ್ಪ ಮುಂದೆ ಬಾಗಿದರು. ಭಾನುವಾರಗಳಲ್ಲಿ ಅವಳನ್ನು ಬರೆಯಲು ಹುರಿದುಂಬಿಸುವಾಗ ಬಾಗುತ್ತಿದ್ದ ಹಾಗೆಯೇ. "ಯಾಕೆ ವಾಪಸ್ ಬಂದ್ಲು ಅಂತ ನೀನು ಹೇಳು, ಅವ್ಳಿಗೆ ಒಳ್ಳೇದಾಗೋ ಹಾಗೆ ಬರೀತೀನಿ. ಹೇಳ್ದಿದ್ರೆ ನಂಗೆ ತೋಚಿದ್ದನ್ನ ಬರೀಬೇಕಾಗುತ್ತೆ."

ಜಿಪ್ಪಕ್ಕ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಗೊತ್ತಿದ್ರೂ ಹೇಳ್ತಿರ್ಲಿಲ್ಲ ಕಣ್ರೀ," ಎಂದಳು. ಟೀಚರ್ ಎನ್ನುತ್ತಿದ್ದ ಬಾಯಲ್ಲಿ 'ಕಣ್ರೀ' ಬಂದದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ಅಳು ಬಂದದ್ದು ಅಕ್ಕನ ಸಲುವಾಗಿಯೋ, ಇನ್ನು ಭಾನುವಾರಗಳಿಲ್ಲ ಎಂಬ ಸಲುವಾಗಿಯೋ ಅವಳಿಗೇ ತಿಳಿಯಲಿಲ್ಲ. ಎರಡನೆಯದಿರಬಹುದು ಎನ್ನಿಸಿದ್ದೇ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಮುಂದಿನ ಗುರುವಾರ ಶಪಥ ಮುರಿದು ಪತ್ರಿಕೆ ಕೊಂಡಳು. ಕೊನೆಯ ಕಂತಿನಲ್ಲಿ ಟೀಚರಿಗೆ ತೋಚಿದ್ದೇ ಇತ್ತು. ಆ ಹೆಂಗಸು ಯಾವನನ್ನೋ ನಂಬಿ ಹೋಗಿದ್ದಳು. ಅವನು ಕೈಬಿಟ್ಟ. ಹೋಗಲು ಬೇರೆ ಜಾಗವಿಲ್ಲದೆ ಗಂಡನ ಮನೆಗೆ ಬಂದಳು. ಮಗುವಿನ ನೆನಪು ದಾರಿಯಲ್ಲಿ ಒಮ್ಮೆಯೂ ಬರಲಿಲ್ಲ ಎಂಬ ಒಂದು ವಾಕ್ಯ ಇತ್ತು. ಓದಲು ಬಹಳ ಚೆನ್ನಾಗಿತ್ತು ಆ ವಾಕ್ಯ. ಜಿಪ್ಪಕ್ಕ ಅಂಥದ್ದನ್ನು ಬರೆದಿರಲಿಲ್ಲ, ಅವಳ ಅಕ್ಕನ ಬದುಕಿನಲ್ಲಿ ಅಂಥದ್ದು ಇತ್ತೋ ಇಲ್ಲವೋ ಅವಳಿಗೆ ಗೊತ್ತೂ ಇರಲಿಲ್ಲ. ಆ ಪುಟವನ್ನು ಅಲ್ಲೇ ಹರಿದಳು. ಏನು ಪ್ರಯೋಜನ? ಊರಿನ ಪ್ರತಿ ಅಂಗಡಿಯಲ್ಲೂ ಅದರ ರಾಶಿ ನೇತಾಡುತ್ತಿತ್ತು.

ಅಕ್ಕನ ಮನೆಗೆ ಹೋಗಲು ಅವಳಿಗೆ ಧೈರ್ಯ ಬಂದದ್ದು ಮತ್ತೆರಡು ದಿನ ಬಿಟ್ಟು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಯಾವಾಗಲೂ ಹರಡಿರುತ್ತಿದ್ದ ಮರದ ಆಟಿಕೆಗಳು ಇರಲಿಲ್ಲ. ಮಗುವಿನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿತ್ತು. ಅಕ್ಕ ಅಡುಗೆಮನೆಯಲ್ಲಿ, ಒಬ್ಬಳಿಗಾಗುವಷ್ಟು ತರಕಾರಿ ಹೆಚ್ಚುತ್ತಿದ್ದಳು.

"ಮಗು ಎಲ್ಲಿ ಅಕ್ಕಾ?"

"ಪಕ್ಕದ್ಮನೆಯವ್ರ ಹತ್ರ ಬಿಡ್ತಾಳಂತೆ. ಬಿಟ್ಟು ಹೋಗೋರ ಹತ್ರ ನನ್ ಮಗೂನ ಬಿಡಲ್ಲ ಅಂದ್ಲು." ಅಕ್ಕನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಅದೇ ಜಿಪ್ಪಕ್ಕನನ್ನು ಹೆಚ್ಚು ಹೆದರಿಸಿತು.

"ಅದೆಲ್ಲ ಸುಳ್ಳು, ಅವ್ರು ಕಟ್ಟಿದ್ದು ಅಂತ ನೀನು ಹೇಳ್ಲಿಲ್ವಾ?"

"ಹೇಳ್ದೆ. ಯಾಕೆ ಹೋದೆ, ಯಾಕೆ ಬಂದೆ, ಒಂದೂ ಬಿಡ್ದೆ ಎಲ್ಲ ಹೇಳ್ದೆ. ಜನ್ಮದಲ್ಲಿ ಮೊದಲ್ನೇ ಸಲ ಬಾಯಿ ಬಿಟ್ಟೆ. ಅವ್ಳು ಕೇಳಿಸ್ಕೊಂಡು ಏನಂದ್ಲು ಗೊತ್ತಾ? ಕಥೇಲಿ ಹಾಗಿಲ್ವಲ್ಲಮ್ಮಾ ಅಂದ್ಲು." ಅಕ್ಕ ಚಾಕು ಕೆಳಗಿಟ್ಟಳು. "ಅವ್ಳು ಹೇಳೋದು, ಸ್ವೆಟರ್ ನಿಜ, ಅಪ್ಪ ಒಬ್ರೇ ಊಟ ಮಾಡ್ತಿದ್ದಿದ್ದು ನಿಜ, ಅಮ್ಮಾ, ನೀನು ಬಂದು ಒಲೆ ಮುಂದೆ ನಿಂತಿದ್ದು ನಿಜ. ಆ ಟೀಚರಿಗೆ ಅಷ್ಟೆಲ್ಲ ನಿಜ ಹೇಳಿರೋ ಚಿಕ್ಕಿ ಇದೊಂದನ್ನ ಯಾಕೆ ಸುಳ್ಳು ಹೇಳ್ತಾಳೆ ಅಂದ್ಲು."

ಅಂದರೆ ಹುಡುಗಿ ಟೀಚರನ್ನು ನಂಬಿರಲಿಲ್ಲ. ಅವಳು ನಂಬಿದ್ದು ಚಿಕ್ಕಿಯನ್ನು, ಎತ್ತಿ ಆಡಿಸಿದ ಚಿಕ್ಕಿಯನ್ನು.

"ನಾನು ಹೋಗಿ ಅವ್ಳಿಗೆ ಹೇಳ್ತೀನಿ ಅಕ್ಕಾ. ನಾನ್ ಹೇಳಿದ್ರೆ ಕೇಳ್ತಾಳೆ. ನೀನು ಮೊದ್ಲು ನಂಗೆ ಹೇಳು, ಯಾಕೆ ಬಂದೆ ನೀನು?"

ಅಕ್ಕ ಹೆಚ್ಚಿದ ತರಕಾರಿಯನ್ನು ತಟ್ಟೆಗೆ ಸರಿಸಿದಳು.

"ಬಂದ ದಿನದಿಂದ ಕಾದಿದ್ದೆ ಕಣೇ, ನೀನು ಇದನ್ನ ಕೇಳ್ತೀಯ ಅಂತ. ತಂಗಿ ಕೇಳ್ತಾಳೆ, ಇಬ್ರೂ ಕೂತು ಅತ್ತು ಮುಗಿಸೋಣ ಅಂತ. ನಿಂಗೆ ಬಾಯೇ ಬರ್ಲಿಲ್ಲ."

"ಈಗ ಕೇಳ್ತಿದೀನಲ್ಲ. ಹೇಳಕ್ಕಾ. ನೀನು ಏನ್ ಹೇಳಿದ್ರೂ ನಾನು ನಂಬ್ತೀನಿ."

"ನೀನು ನಂಬ್ತೀಯ," ಎಂದಳು ಅಕ್ಕ. "ನಾನು ನಿನ್ನ ನಂಬಲ್ಲ."

ಬೈದು ಆಡಿದ ಮಾತಲ್ಲ ಅದು. ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ಚಾಕು ಎತ್ತಿಕೊಂಡು ಉಳಿದ ತರಕಾರಿ ಹೆಚ್ಚತೊಡಗಿದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಜಿಪ್ಪಕ್ಕ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದಳು.